ಪಟ್ಟಿಯಿಂದ ನಿನ್ನ ಹೆಸರು ತೆಗೆಸಿದ ಮೇಲೆ

ಭಾವಾ,

ನಿನ್ನ ಮದುವೆಯ ದಿನ ನಮ್ಮಮ್ಮ ನನ್ನನ್ನು ಅಡುಗೆಯವರ ಪಕ್ಕಕ್ಕೆ ಎಳೆದುಕೊಂಡು ಹೋಗಿ, "ಇನ್ಮೇಲೆ ಅವರು ನಿನ್ನ ಫ್ರೆಂಡಲ್ಲ, ತಂಗಿ ಗಂಡ. ಹೋಗೋ ಬಾರೋ ಅಂದ್ರೆ ನಾಲಿಗೆ ಸುಟ್ಬಿಡ್ತೀನಿ" ಅಂದದ್ದು ನೆನಪಿದೆಯಾ? ಅವತ್ತಿನಿಂದ ನಾಲ್ಕು ಜನರ ಮುಂದೆ "ಬನ್ನಿ ಭಾವ, ಕೂತ್ಕೊಳ್ಳಿ ಭಾವ". ತಾಂಬರಂ ರೈಲು ಹತ್ತಿದ ಮೇಲೆ "ಲೋ ಪದ್ಮನಾಭ, ಜರುಗೋ". ಈಗ ಕೇಳಿಸಿಕೊಳ್ಳುವವರು ಯಾರೂ ಇಲ್ಲ, ನೀನು ಅಂತಲೇ ಬರೆಯುತ್ತೇನೆ. ಸುಸ್ತಾಗಿದೆ ಕಣೋ. ಗೌರವ ಕೊಡುವುದಕ್ಕೂ ಶಕ್ತಿ ಬೇಕು.

ನೀನು ಹೋಗಿ ಹದಿಮೂರು ದಿನ ಮುಗಿದು, ನೆಂಟರೆಲ್ಲ ಊರಿಗೆ ಹೊರಟ ವಾರವೇ ನಮ್ಮ ಬೀದಿಗೆ ಅಗೆಯುವ ಯಂತ್ರ ಬಂತು. ಮಳೆನೀರಿನ ಚರಂಡಿ ಮಾಡುತ್ತೇವೆ ಅಂತ ಗೇಟಿನ ಮುಂದೆ ಉದ್ದಕ್ಕೂ ಆಳೆತ್ತರ ಅಗೆದರು. ಗೇಟಿಗೂ ರಸ್ತೆಗೂ ನಡುವೆ ಒಂದು ಹಲಗೆ ಎಸೆದು ಹೋದರು. ಹೋದವರು ಹೋದರು. ಎರಡು ಮಳೆಗಾಲ ಕಳೆಯಿತು. ನಾನು ಮಹಡಿಯಿಂದ ಇಳಿದು ಆ ಹಲಗೆಯ ಮೇಲೆ ಸರ್ಕಸ್ಸು ಮಾಡಿ ದಾಟುತ್ತೇನೆ. ಆದರೆ ಕೆಳಗಿನ ಮನೆಯಲ್ಲಿರುವ ನಿನ್ನ ಹೆಂಡತಿ? ಲಲಿತೆಯ ಮಂಡಿ ನಿನಗೆ ಗೊತ್ತಲ್ಲ. ಎರಡು ವರ್ಷದಿಂದ ಅವಳು ಗೇಟಿನ ಆಚೆ ಕಾಲಿಟ್ಟಿಲ್ಲ. ತರಕಾರಿಯವಳು ಆ ಕಡೆಯಿಂದ ಚೀಲ ಎಸೆಯುತ್ತಾಳೆ, ಇವಳು ಈ ಕಡೆ ಹಿಡಿಯುತ್ತಾಳೆ. ತಿಂಗಳಿಗೊಮ್ಮೆ ವಡಪಳನಿಯ ಮುರುಗನ ಗುಡಿಗೆ ಹೋಗಿ ಬರುತ್ತಿದ್ದವಳು ಈಗ ಕ್ಯಾಲೆಂಡರಿನ ಮುರುಗನಿಗೇ ಕೈಮುಗಿದು ಸುಮ್ಮನಾಗುತ್ತಾಳೆ. ಸಿಟ್ಟಾಗಲಿ ಅಳುವಾಗಲಿ ಇಲ್ಲ. ಅದೇ ನನಗೆ…

ಹೀಗಿರುವಾಗ ಇದ್ದ ಕೌನ್ಸಿಲರ್ ಅವಧಿ ಅರ್ಧಕ್ಕೇ ರಾಜೀನಾಮೆ ಕೊಟ್ಟು ಹೋದ. ವಾರ್ಡಿಗೆ ಬೈ ಎಲೆಕ್ಷನ್ ಬಂತು. "ನೋಡೇ ಲಲಿತಾ, ಬೈಯೋದಕ್ಕೇ ಅಂತ ಒಂದು ಎಲೆಕ್ಷನ್ ಇಟ್ಟಿದ್ದಾರೆ" ಅಂದೆ. ಅವಳು ನಗಲಿಲ್ಲ. ನೀನಾಗಿದ್ದರೆ ನಗದಿದ್ದರೂ "ಥೂ" ಅಂತಾದರೂ ಅನ್ನುತ್ತಿದ್ದೆ. ಲೆಕ್ಕಕ್ಕೆ ಬರುವಂತೆ ನಿಂತವರು ಇಬ್ಬರೇ. ಗುಂಡಿ ಅಗೆದು ಬಿಟ್ಟುಹೋದ ಗುತ್ತಿಗೆದಾರನ ಭಾವಮೈದ ಒಬ್ಬ. ಇನ್ನೊಬ್ಬಳು ಸೆಲ್ವಿ. ಕೀಲ್ಪಾಕ್ ಕಡೆಯ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದಾಳೆ, ಅಷ್ಟೇ. ಆಕೆ ಮನೆಮನೆಗೆ ಬಂದು ಹೇಳಿದ್ದು ಒಂದೇ ಮಾತು: ಗೆದ್ದರೆ ಮೊದಲು ಈ ಗುಂಡಿ.

ಆಕೆಗೆ ಓಟು ಹಾಕಬೇಕು ಅಂತ ಹೊರಟರೆ, ಭಾವಾ, ನಾನು ಸತ್ತುಹೋಗಿದ್ದೆ.

ಪಾರ್ಸೆಲ್ ಆಫೀಸಿನಲ್ಲಿ ನಾವಿಬ್ಬರೂ ಆಡುತ್ತಿದ್ದ ಆಟ ನೆನಪು ಮಾಡಿಕೋ. ಹೊಸಬರು ಯಾರಾದರೂ ಬಂದು "ಪದ್ಮನಾಭ ಯಾರು?" ಅಂದರೆ ನಾನು ಕೈ ಎತ್ತುವುದು, "ಸೀತಾರಾಮ?" ಅಂದರೆ ನೀನು. ಒಬ್ಬ ಇನ್‌ಸ್ಪೆಕ್ಟರು ನನಗೆ ಸಲ್ಲಬೇಕಾದ ಬೈಗುಳವನ್ನು ಪೂರ್ತಿ ನಿನಗೆ ಒಪ್ಪಿಸಿದ. ನೀನು ತಲೆ ತಗ್ಗಿಸಿಕೊಂಡು ಕೇಳಿ, "ಸಾರಿ ಸಾರ್, ಈ ಸೀತಾರಾಮ ಅನ್ನೋನೇ ಹಾಗೆ" ಅಂದೆಯಲ್ಲ! ಮನೆಗೆ ಜನಗಣತಿಯವರು ಬಂದಾಗಲೂ ಅದೇ ಆಟ. ಎಷ್ಟು ವರ್ಷದ ಚಾಳಿ ಅದು.

ಹೋದ ವರ್ಷ ಮತದಾರರ ಪಟ್ಟಿ ಸರಿ ಮಾಡಲು ಒಬ್ಬ ಟೀಚರಮ್ಮ ಬಂದಿದ್ದಳು. ಉರಿಬಿಸಿಲಲ್ಲಿ ಹಲಗೆ ದಾಟಿ, ಸೆರಗಿನಲ್ಲಿ ಬೆವರೊರೆಸಿಕೊಂಡು, ಹಾಳೆ ನೋಡುತ್ತಾ ಕೇಳಿದಳು. "ಪದ್ಮನಾಭನ್ ಸಾರ್ ನೀಂಗದಾನೇ?"

ನಾನು ಯೋಚನೆಯನ್ನೇ ಮಾಡಲಿಲ್ಲ. "ಆಮಾಮ್ಮಾ, ನಾನೇ" ಅಂದುಬಿಟ್ಟೆ.

"ಸೀತಾರಾಮನ್?"

ಈಗ ನೀನು ಬಾಗಿಲಿನಿಂದ ತಲೆ ಹಾಕಿ "ಇಲ್ಲೇ ಇದ್ದೀನಿ" ಅನ್ನಬೇಕಿತ್ತು. ನಾನು ಕಾದೆ ಕಣೋ. ನಿಜವಾಗಿಯೂ ಕಾದೆ. ಟೀಚರಮ್ಮ ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಏನಾದರೂ ಹೇಳಬೇಕಿತ್ತಲ್ಲ… "ಅವನು ಹೋಗಿಬಿಟ್ಟನಮ್ಮಾ" ಅಂದೆ. ತಮಾಷೆಗೆ ಹೇಳಿದೆನೋ, ನಿನ್ನ ಹೆಸರು ಇಟ್ಟುಕೊಂಡವನಿಗೆ ಆ ಮಾತನ್ನು ನಿನ್ನ ಮೇಲೆ ಹಾಕಲು ಬಾಯಿ ಬರಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ಆಕೆ "ಅಯ್ಯೋ ಪಾವಂ" ಅಂದು, ಹಾಳೆಯಲ್ಲಿ ನನ್ನನ್ನು ಹೊಡೆದುಹಾಕಿ, ಪಕ್ಕದ ಮನೆಗೆ ಹೋದಳು.

ಬೈ ಎಲೆಕ್ಷನ್ನಿಗೆ ಮುಂಚೆ ಶಾಲೆಯ ಗೋಡೆಗೆ ಪಟ್ಟಿ ಅಂಟಿಸಿದಾಗ ಕನ್ನಡಕ ಏರಿಸಿಕೊಂಡು ಹೋಗಿ ನೋಡಿದೆ. ನೀನು ಇದ್ದೆ. ವಯಸ್ಸು ಕೂಡ ಏರಿತ್ತು. ಸತ್ತ ಮೇಲೂ ವಯಸ್ಸಾಗುತ್ತಿರುವವನು ನೀನೊಬ್ಬನೇ ಇರಬೇಕು. ನಿನ್ನ ಕೆಳಗೆ ಲಲಿತೆ ಇದ್ದಳು. ನಾನು ಇರಲಿಲ್ಲ. ಮೊದಲು ನಗು ಬಂತು. ಆಮೇಲೆ ಗೇಟಿನ ಮುಂದಿನ ಗುಂಡಿ ನೆನಪಾಯಿತು. ಮನೆಯಿಂದ ಹೊರಗೆ ಹೋಗಿ ಓಟು ಹಾಕಬಲ್ಲವನು ನಾನೊಬ್ಬನೇ ತಾನೇ?

ಆ ಭಾನುವಾರ ಶಾಲೆಯಲ್ಲಿ ಪಟ್ಟಿ ತಿದ್ದುವ ಕ್ಯಾಂಪು ಇತ್ತು. ಮೇಜಿನ ಹಿಂದೆ ಅದೇ ಟೀಚರಮ್ಮ. ಪಾಪ, ಎದ್ದು ನಿಂತು ಕರೆದಳು.

"ವಾಂಗ ಪದ್ಮನಾಭನ್ ಸಾರ್!"

"ನಾನು ಪದ್ಮನಾಭ ಅಲ್ಲಮ್ಮಾ, ಸೀತಾರಾಮ."

"ಸೀತಾರಾಮನ್ ಇರಂದುಟ್ಟಾರೇ ಸಾರ್! ನೀಂಗಳೇ ಸೊನ್ನೀಂಗಳೇ!"

ಹೌದು, ಸತ್ತ ಅಂತ ನಾನೇ ಹೇಳಿದ್ದೆ. "ಈಗ ಸತ್ತವನೇ ಬಂದು ಇಲ್ಲ ಅಂತಿದ್ದೀನಲ್ಲಮ್ಮಾ, ನಂಬಬಾರದಾ?" ಅಂದೆ ತಮಿಳಿನಲ್ಲಿ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ಆಕೆ ನಗಲಿಲ್ಲ. "ವಿಳೈಯಾಡಾದೀಂಗ ಸಾರ್. ಇದೇನು ಆಟವಾ? ಮೇಲಿನವರಿಗೆ ಉತ್ತರ ಹೇಳಬೇಕಾದವಳು ನಾನು" ಅಂದಳು. ನಮ್ಮ ಆಟಕ್ಕೆ ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ನಾಚಿಕೆಯಾಯಿತು ಭಾವ. ಆಮೇಲೆ ಆಕೆ ದನಿ ತಗ್ಗಿಸಿ ಕೇಳಿದಳು. "ಸರಿ. ಅಪ್ಪೋ ಪದ್ಮನಾಭನ್ ಸಾರ್ ಎಂಗೆ?"

ಎಲ್ಲಿ?

ನೀನು ಎಲ್ಲಿ ಅಂತ ನಾನು ಯಾರಿಗೂ ಬಾಯಿಬಿಟ್ಟು ಹೇಳಿಯೇ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. ನೀನು ಹೋದ ಆ ವಾರ ಬಂದ ಫೋನುಗಳನ್ನೆಲ್ಲ ಲಲಿತೆಯ ಕೈಗೆ ಕೊಟ್ಟಿದ್ದೆ. ಆಮೇಲೂ ಯಾರಾದರೂ ಕೇಳಿದರೆ ಏನೋ ಒಂದು ಕುಚೋದ್ಯ ಮಾಡಿ ಜಾರಿಕೊಳ್ಳುತ್ತಿದ್ದೆ. "ಸತ್ತವನು ಅವನಮ್ಮಾ" ಅಂದೆ. ಆಕೆ ಎರಡು ಫಾರಂ ತೆಗೆದು ಮುಂದಿಟ್ಟಳು. ಒಂದು ನನ್ನನ್ನು ಸೇರಿಸಲು, ಇನ್ನೊಂದು ನಿನ್ನನ್ನು ತೆಗೆಯಲು. ತೆಗೆಯುವುದಕ್ಕೆ ಈ ಸಲ ನಿನ್ನ ಮರಣದ ಸರ್ಟಿಫಿಕೇಟಿನ ನಕಲು ಬೇಕಂತೆ. ಬಾಯಿಮಾತು ನಂಬಿ ಒಂದು ಸಲ ಕೆಟ್ಟಿದ್ದಾಳಲ್ಲ.

ಅದು ಇದ್ದದ್ದು ಲಲಿತೆಯ ಬೀರುವಿನಲ್ಲಿ. ಹಲಗೆಯ ಮೇಲೆ ಅಷ್ಟು ನಿಧಾನವಾಗಿ ನಾನು ಯಾವತ್ತೂ ದಾಟಿರಲಿಲ್ಲ. ಅವಳು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ತಲೆ ಎತ್ತದೆ ಕೇಳಿ, "ಗೊತ್ತು ಬಿಡಣ್ಣ. ಅವತ್ತು ನಾನು ಬಾಗಿಲ ಹಿಂದೇನೇ ಇದ್ದೆ" ಅಂದಳು.

"ಮತ್ತೆ ಬಂದು ಹೇಳಬಾರದಾಗಿತ್ತಾ, ಈ ಮುದುಕನಿಗೆ ತಲೆ ಕೆಟ್ಟಿದೆ ಅಂತ?"

"ಹೇಳೋಣ ಅಂತಲೇ ಬಂದೆ. ನೀನು ನಾನೇ ಪದ್ಮನಾಭ ಅಂದ್ಯಲ್ಲ… ಒಂದು ನಿಮಿಷ ಅವರೇ ಬಾಗಿಲಲ್ಲಿ ನಿಂತು ಯಾರ ಹತ್ರಾನೋ ಮಾತಾಡ್ತಿದ್ದ ಹಾಗಿತ್ತು. ಇರಲಿ ಅಂತ ಬಿಟ್ಟೆ."

ಅವಳೇ ಎದ್ದು, ಮಂಡಿ ಹಿಡಿದುಕೊಂಡು ಬೀರುವಿನವರೆಗೆ ಹೋಗಿ, ಕಾಗದ ತಂದುಕೊಟ್ಟಳು. "ಸೈನ್ ಹಾಕು ಹೋಗಣ್ಣ. ಅವರ ಹೆಸರು ಗೋಡೆ ಮೇಲಿದ್ದು ಏನಾಗಬೇಕು? ನಿನ್ನ ಓಟು ಬೇಕು. ನನಗೆ ಬೀದಿಗೆ ಇಳಿಯಬೇಕು ಅನ್ನಿಸ್ತಿದೆ." ಎರಡು ವರ್ಷದಲ್ಲಿ ಅವಳು ಏನಾದರೂ ಬೇಕು ಅಂದದ್ದು ಅದೇ ಮೊದಲು. ಸೈನ್ ಹಾಕಿದೆ. ಅರ್ಜಿದಾರನಿಗೂ ಮೃತರಿಗೂ ಇರುವ ಸಂಬಂಧ ಅಂತ ಒಂದು ಜಾಗ ಇತ್ತು. ಎಷ್ಟು ಚಿಕ್ಕ ಜಾಗ ಅಂತೀಯ.

ಓಟಿನ ದಿನ ಲಲಿತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಗುಂಡಿ ದಾಟಿಸುತ್ತೇವೆ ಅಂತ ಬೀದಿಯವರು ನಾಲ್ಕು ಜನ ಬಂದರು. ಅವಳು ಗೇಟು ಹಿಡಿದುಕೊಂಡು, "ನಾಲ್ಕು ಜನ ಹೊರೋದು ಒಂದೇ ಸಲ ಸಾಕು, ಇನ್ನೂ ಟೈಮಿದೆ" ಅಂದಳು. ಅವರಿಗೆ ಕನ್ನಡ ಅರ್ಥವಾಗಲಿಲ್ಲ, ನನಗೆ ಆಯಿತು. ನಮ್ಮ ಜೊತೆ ಇದ್ದೂ ಇದ್ದೂ ಇವಳೂ ಕೆಟ್ಟಿದ್ದಾಳೆ ಭಾವ! ಒಬ್ಬನೇ ಹೋದೆ. ಹೊಸ ಪಟ್ಟಿಯಲ್ಲಿ ನಾನಿದ್ದೆ, ಲಲಿತೆಯ ಹಿಂದುಮುಂದು ನೀನಿರಲಿಲ್ಲ. ಗುಂಡಿ ಮುಚ್ಚಲಿ ಅಂತ ಗುಂಡಿ ಒತ್ತಿದೆ. ಈ ಮಾತನ್ನು ಹೇಳಲು ಪಕ್ಕಕ್ಕೆ ತಿರುಗಿದರೆ ಅಲ್ಲಿ ಒಬ್ಬ ಪೊಲೀಸಿನವನು ನಿಂತಿದ್ದ.

ಎಣಿಕೆಯ ದಿನ ಮಧ್ಯಾಹ್ನದ ಹೊತ್ತಿಗೆಲ್ಲ ಪಟಾಕಿ ಶುರುವಾಯಿತು. ಯಾರ ಪಟಾಕಿ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟರಲ್ಲಿ ನನ್ನ ಎದೆಯೂ ಒಂದೆರಡು ಹೊಡೆದಿತ್ತು. ಸೆಲ್ವಿ ಗೆದ್ದಿದ್ದಳು. ಅಬ್ಬಾ ಅಂತ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕುಣಿಯುವ ಸಂತೋಷ ಅಲ್ಲ ಕಣೋ, ತಲೆಯ ಮೇಲಿನ ಮೂಟೆ ಇಳಿಸಿದಾಗ ಆಗುತ್ತದಲ್ಲ, ಅಂಥದ್ದು. ಆಮೇಲೆ ಕೇಳಿದರೆ ಆಕೆ ಗೆದ್ದದ್ದು ಒಳ್ಳೆಯ ಅಂತರದಲ್ಲೇ ಅಂತೆ. ನನ್ನ ಓಟು ಇಲ್ಲದಿದ್ದರೂ ಗೆಲ್ಲುತ್ತಿದ್ದಳು. ಹಾಗಿದ್ದರೆ ನಾನು ಯಾಕೆ ನಿನ್ನನ್ನು… ಬಿಡು. ಅದನ್ನು ಯೋಚಿಸಿ ಯೋಚಿಸಿ ಸಾಕಾಗಿದೆ.

ನಾಲ್ಕು ದಿನ ಬಿಟ್ಟು, ಬೆಳಗಿನ ಕಾಫಿ ಹೊತ್ತಿಗೆ ಸೆಲ್ವಿ ಬಂದಳು. ಹಾರ ತುರಾಯಿ ಏನೂ ಇಲ್ಲ, ಜೊತೆಗೆ ಟೇಪು ಹಿಡಿದ ಒಬ್ಬ ಮೇಸ್ತ್ರಿ. ಸೀರೆ ಎತ್ತಿಕಟ್ಟಿ ಹಲಗೆ ದಾಟಿ ಸೀದಾ ಒಳಗೆ ಬಂದು, ಲಲಿತೆಯ ಮಂಡಿ ಒತ್ತಿ ನೋಡಿದಳು. ಮಾತೆಲ್ಲ ಆಮೇಲೆ. "ಮಳೈಕ್ಕು ಮುನ್ನಾಡಿ ಮುಡಿಚ್ಚುಡುವೋಮ್ ಅಮ್ಮಾ."

ಮಳೆಗೆ ಮುಂಚೆ ಮುಗಿಸುತ್ತಾರಂತೆ! "ಯಾವ ವರ್ಷದ ಮಳೆ ಅಂತ ಕೇಳಣ್ಣ" ಅಂದಳು ಲಲಿತೆ. ನಾನು ತಮಿಳಿನಲ್ಲಿ ಕೇಳಿಯೇ ಬಿಟ್ಟೆ. ಆಕೆಗೆ ಸಿಟ್ಟು ಬರಲಿಲ್ಲ. "ನೀವು ಬೈಯುತ್ತಾ ಇರಿ ಸಾರ್, ಆಗ ನೆನಪಿರುತ್ತೆ" ಅಂದು ಹೊರಗೆ ಹೋಗಿ ಮೇಸ್ತ್ರಿಯಿಂದ ಅಳತೆ ಹಿಡಿಸಿದಳು. ಗುಂಡಿ ಮುಚ್ಚುವ ಚಪ್ಪಡಿ ಎಲ್ಲಿಂದ ಎಲ್ಲಿಗೆ ಅಂತ ಅವನು ಸುಣ್ಣದ ಪುಡಿಯಲ್ಲಿ ನಮ್ಮ ಗೇಟಿನ ಎದುರು, ಗುಂಡಿಯ ಆಚೆ ರಸ್ತೆಯ ಅಂಚಿಗೆ ಒಂದು ಬಿಳಿ ಗೆರೆ ಹಾಕಿದ. ಇಬ್ಬರೂ ಹೋದರು. ಆಗಿರುವುದು ಅಷ್ಟೇ ಭಾವ. ಒಂದು ಗೆರೆ. ಈ ವಯಸ್ಸಿನಲ್ಲಿ ಒಂದು ಗೆರೆ ನಂಬಿಕೊಂಡು ಕುಣಿಯುವಷ್ಟು ಹುಚ್ಚ ನಾನಲ್ಲ.

ಆದರೆ ನಿನ್ನ ಹೆಂಡತಿಯನ್ನು ನೋಡಬೇಕು ನೀನು. ಕುರ್ಚಿಯನ್ನು ಗೇಟಿನ ಹತ್ತಿರಕ್ಕೆ ಎಳೆದುಕೊಂಡು ಆ ಗೆರೆ ಕಾಯುತ್ತಿದ್ದಾಳೆ! ಆಟೋದವನು ಹತ್ತಿರ ಬಂದರೆ "ತಳ್ಳಿ ಪೋಪ್ಪಾ, ಕೋಡು ಅಳಿಂಜುಡುಂ" ಅಂತ, ಗೆರೆ ಅಳಿಸಿಹೋಗುತ್ತೆ ದೂರ ಹೋಗು ಅಂತ ಕೂಗಿ ಓಡಿಸುತ್ತಾಳೆ. ತರಕಾರಿಯವಳಿಗೂ ತುಳಿಯಬಾರದು ಅಂತ ಆಜ್ಞೆ ಆಗಿದೆ. ಇವತ್ತು ಬೆಳಗ್ಗಿನಿಂದ ಮೋಡ ಕವಿದಿದೆ. "ಅಣ್ಣಾ, ಮಳೆ ಬಂದು ಗೆರೆ ಹೋಗಿಬಿಟ್ರೆ? ಅವರು ಬಂದು, ಎಲ್ಲಿ ಅಂತ ಗೊತ್ತಾಗ್ದೆ ವಾಪಸ್ ಹೋದ್ರೆ?" ಅಂತ ಹತ್ತು ಸಲ ಕೇಳಿದಳು. ಈಗ ರಂಗೋಲಿ ಡಬ್ಬಿ ತಂದು ನನ್ನ ಪಕ್ಕ ಇಟ್ಟು ಹೋಗಿದ್ದಾಳೆ.

ಮಾತು ಕೊಡುತ್ತೇನೆ ಭಾವ. ಮಳೆ ಎಷ್ಟು ಸಲ ಅಳಿಸಿದರೂ ಅಷ್ಟು ಸಲ ನಾನೇ ಹಾಕುತ್ತೇನೆ. ಗೆರೆ ನೆಟ್ಟಗೆ ಬರಲಿಕ್ಕಿಲ್ಲ. ಆದರೆ ಮೇಸ್ತ್ರಿಗೆ ಗೊತ್ತಾಗದ ಹಾಗೆ ನಮ್ಮ ಗೇಟಿನ ಎದುರಿಗೆ ಚಪ್ಪಡಿಯ ಜಾಗವನ್ನು ಒಂದು ಮೊಳ ಅಗಲ ಮಾಡಿಬಿಡುತ್ತೇನೆ. ಅವಳು ಮೊದಲ ಸಲ ಕಾಲಿಡುವಾಗ ಹೆದರಬಾರದಲ್ಲ.

ನಿನ್ನ
ಸೀತಾರಾಮ