ಗಂಡ ಒಳಗಿದ್ದರೆ ಮಾತ್ರ ಹೆಂಡತಿ ಹೊರಗೆ: ಇದು ಜೀತವಲ್ಲವೇ?

ಮಾನ್ಯ ತಪಾಸಣಾಧಿಕಾರಿಗಳೇ,

ಬಳ್ಳಾರಿಯ ಪಾರ್ಕುಗಳನ್ನು ಗುತ್ತಿಗೆ ಹಿಡಿದಿರುವ ಉದ್ಯಾನ ಕಂಪನಿಯಲ್ಲಿ ಜೀತ ಇಲ್ಲವೆಂದು ತಾವು ಬರೆದ ವರದಿಯನ್ನು ಓದಿದೆ. ಅದು ಸುಳ್ಳು. ತಾವು ಬೇಕೆಂದೇ ಸುಳ್ಳು ಬರೆದಿರಿ ಎನ್ನುತ್ತಿಲ್ಲ. ಕುರುಗೋಡಿನ ಹತ್ತಿರ ಇರುವ ನರ್ಸರಿಗೆ ಮೊದಲೇ ತಿಳಿಸಿ ಹೋದಿರಿ, ಅವರು ಕೊಟ್ಟ ಎಳನೀರು ಕುಡಿದಿರಿ, ಕಂಡದ್ದನ್ನು ಬರೆದಿರಿ. 'ಪಟ್ಟಿಯಲ್ಲಿರುವ ಹನ್ನೊಂದು ದಂಪತಿಗಳ ಪೈಕಿ ಹನ್ನೊಂದು ಜನ ಹೊರಗೆ ಹೋಗಿದ್ದರು. ಆದ್ದರಿಂದ ಕಾರ್ಮಿಕರ ಓಡಾಟಕ್ಕೆ ನಿರ್ಬಂಧ ಇರುವುದಿಲ್ಲ.' ಇದು ತಮ್ಮದೇ ವಾಕ್ಯ. ಹನ್ನೊಂದು ಮನೆಯಲ್ಲೂ ಸರಿಯಾಗಿ ಒಬ್ಬೊಬ್ಬರೇ ಯಾಕೆ ಹೊರಗಿದ್ದರು, ಎಲ್ಲಾದರೂ ಒಂದು ಜೋಡಿ ಒಟ್ಟಿಗೆ ಹೋಗಿರಲಿಲ್ಲವೇ ಎಂದು ತಮಗೆ ಅನ್ನಿಸಲೇ ಇಲ್ಲವೇ? ಇಷ್ಟು ಅಚ್ಚುಕಟ್ಟಾದ ಸ್ವಾತಂತ್ರ್ಯವನ್ನು ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದರೂ ಎಲ್ಲೂ ಕಂಡಿರಲಿಲ್ಲ.

ಪದ್ಧತಿ ಬಹಳ ಸರಳ. ಮುಂಗಡ ಕೊಟ್ಟು ಗಂಡ ಹೆಂಡತಿ ಇಬ್ಬರನ್ನೂ ಕರೆತರುತ್ತಾರೆ. ಇಬ್ಬರ ಆಧಾರ್ ಕಾರ್ಡನ್ನೂ 'ಜೋಪಾನವಾಗಿರಲಿ' ಎಂದು ಇಸಿದುಕೊಳ್ಳುತ್ತಾರೆ. ಒಬ್ಬರನ್ನು ನರ್ಸರಿಯೊಳಗೆ ಇಟ್ಟುಕೊಂಡು ಇನ್ನೊಬ್ಬರನ್ನು ಊರಿನ ಪಾರ್ಕಿಗೆ ಕಳಿಸುತ್ತಾರೆ. ಪಾರ್ಕಿಗೆ ಕಾವಲುಗಾರನೇ ಬೇಡ. ಒಳಗಿರುವ ಗಂಡನೇ ಹೊರಗಿರುವ ಹೆಂಡತಿಗೆ ಸರಪಳಿ. ಅದನ್ನು ಕಂಡು ತಾವು ಓಡಾಟಕ್ಕೆ ನಿರ್ಬಂಧವಿಲ್ಲವೆಂದು ಸಹಿ ಹಾಕಿದಿರಿ.

ನನಗೂ ಇದು ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಪಾರ್ವತಿನಗರದಲ್ಲಿ ನಾನು ದಿನಾ ವಾಕಿಂಗ್ ಮಾಡುವ ಪಾರ್ಕಿನಲ್ಲಿ ದುರುಗಮ್ಮ ಎಂಬ ಹೆಣ್ಣುಮಗಳು ಎರಡು ವರ್ಷದಿಂದ ಕಳೆ ಕೀಳುತ್ತಾಳೆ, ಅಲ್ಲೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಾಳೆ. ಸಿರುಗುಪ್ಪ ಕಡೆಯವಳು. ವಾರಕ್ಕೊಮ್ಮೆ ಸಸಿಯ ವ್ಯಾನು ಬಂದಾಗ ಡ್ರೈವರ್ ಚಂದ್ರಣ್ಣನ ಫೋನು ಹಿಡಿದು ಗಿಡದ ಮರೆಯಲ್ಲಿ ಕೂತಿರುತ್ತಿದ್ದಳು. ನನಗೆ ಸಿಟ್ಟು ಬಂತು. ಫೋಟೋ ಹೊಡೆದು 'ಕೆಲಸ ಬಿಟ್ಟು ಫೋನಿನಲ್ಲಿ ಹರಟೆ' ಎಂದು ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಕಂಪನಿಯವರೂ ಅದರಲ್ಲಿದ್ದಾರೆ. ಮರುವಾರದಿಂದ ಚಂದ್ರಣ್ಣ ಬರಲಿಲ್ಲ.

ದುರುಗಮ್ಮ ಜಗಳಕ್ಕೆ ಬರಲಿಲ್ಲ. ನಾನು ಕೂತ ಬೆಂಚಿನ ಹತ್ತಿರ ನಿಂತು ಇಷ್ಟು ಹೇಳಿದಳು: "ಟೀಚರಮ್ಮ, ನಾನು ಹರಟಿ ಹೊಡೀತಿದ್ದಿಲ್ರಿ. ನಮ್ಮ ಮನಿಯಾತ ನರ್ಸರಿ ಒಳಗ ಅದಾನ. ಅಲ್ಲಿ ಪಂಪು ನೋಡೋವ್ನ ಫೋನಿಗಿ ಹಚ್ಚಿ ಕೊಡ್ತಿದ್ದ ಚಂದ್ರಣ್ಣ. ವಾರಕ್ಕ ಐದು ನಿಮಿಷ. ಅದೂ ಹೋತು."

ನಾಚಿಕೆಯಾಯಿತು ಎಂದರೆ ಸಣ್ಣ ಮಾತು. ಮಾತು ಕಲಿಸುವುದನ್ನೇ ಕಸುಬು ಮಾಡಿಕೊಂಡಿದ್ದವಳು ಒಬ್ಬ ಹೆಂಗಸಿನ ಬಾಯಿಂದ ವಾರದ ಐದು ನಿಮಿಷದ ಮಾತನ್ನು ಕಿತ್ತುಕೊಂಡಿದ್ದೆ.

ಆಕೆಯ ಗಂಡ ಹುಲುಗೇಶನಿಗೆ ಹರ್ನಿಯಾ. ಸಸಿಯ ಮಣ್ಣಿಗೆ ಬೆರೆಸಲು ಸಿರುಗುಪ್ಪದ ಮಿಲ್ಲುಗಳಿಂದ ಬರುವ ಭತ್ತದ ಹೊಟ್ಟಿನ ಚೀಲ ಇಳಿಸಿ, ಮಣ್ಣಿನ ಬುಟ್ಟಿ ಹೊತ್ತು ಬಂದದ್ದು. ಆಪರೇಷನ್ ಆಗಲೇಬೇಕು, ಕರುಳು ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದಾರೆ. ಅವನನ್ನು ಆಸ್ಪತ್ರೆಗೆ ಬಿಡಬೇಕಾದರೆ ಮೇಸ್ತ್ರಿ ದೊಡ್ಡಬಸವರಾಜ ಮೊದಲು ದುರುಗಮ್ಮನನ್ನು ಪಾರ್ಕಿನಿಂದ ಒಯ್ದು ನರ್ಸರಿಯೊಳಗೆ ಬಿಡುತ್ತಾನೆ, ಆಮೇಲೆ ಇವನಿಗೆ ಗೇಟು ತೆಗೆಯುತ್ತಾನೆ. ಆಸ್ಪತ್ರೆಯವರು ಜೊತೆಗೆ ಮನೆಯವರಿಲ್ಲದೆ ಸೇರಿಸಿಕೊಳ್ಳುವುದಿಲ್ಲ. ಕಂಪನಿಯವರು ಮನೆಯವರನ್ನು ಜೊತೆಗೆ ಬಿಡುವುದಿಲ್ಲ. ಹೀಗೆ ಆಪರೇಷನ್ನಿನ ಒಂದು ತಾರೀಖು ತಪ್ಪಿತು.

ಎರಡನೇ ಸಲ ತಾರೀಖು ಕೊಟ್ಟಾಗ ಆಸ್ಪತ್ರೆಗೆ ನಾನೇ ಹೋದೆ. ಅವನ ಜೊತೆ ನಿಂತು ಸಹಿ ಹಾಕುತ್ತೇನೆ, ರಾತ್ರಿ ನಾನೇ ಇರುತ್ತೇನೆ ಎಂದೆ. ಹೊಟ್ಟೆ ಒತ್ತಿ ಹಿಡಿದುಕೊಂಡು ಆ ಮನುಷ್ಯ ಹೇಳಿದ: "ನಿಮ್ಮ ಉಪಕಾರ ದೊಡ್ಡದ್ರಿ ಟೀಚರಮ್ಮ. ಆದ್ರ ಬ್ಯಾಡ್ರಿ. ನಾನು ಹಾಸಿಗಿ ಮ್ಯಾಲ ಬಿದ್ದಷ್ಟೂ ದಿನ ಆಕಿ ಒಳಗಿರಬೇಕು. ನನಗ ಏನರ ಆದ್ರ ಆಕಿನ್ನ ಯಾರು ಬಿಡಸ್ತಾರ? ಕೊಯ್ಯೋದಿದ್ರ ಆಕಿ ಬಾಜೂಕ ಇರಬೇಕು. ಇಲ್ಲಂದ್ರ ನಾನು ಒಳಗ ಹೋಗ್ತೀನಿ, ಆಕಿ ಹೊರಗ ಬರಲಿ." ಎದ್ದು ಕುರುಗೋಡಿನ ಬಸ್ಸು ಹತ್ತಿದ. ಓಡಾಟಕ್ಕೆ ನಿರ್ಬಂಧವಿಲ್ಲದ ತಮ್ಮ ಕಾರ್ಮಿಕ ತಾನೇ ಟಿಕೇಟು ತೆಗೆಸಿ ಸೆರೆಗೆ ವಾಪಸಾದ.

ಕಂಟೋನ್ಮೆಂಟಿನಲ್ಲಿರುವ ಕಂಪನಿಯ ಕಚೇರಿಗೂ ಹೋದೆ. ಮ್ಯಾನೇಜರ್ ಉಮಾಪತಿ ಕುರ್ಚಿ ಕೊಟ್ಟು, ಫ್ಯಾನು ಹಾಕಿಸಿ, "ಮೇಡಂ, ನಮ್ದು ಬರೇ ಪಾರ್ಕ್ ಮೆಂಟೇನೆನ್ಸ್ ರೀ. ನರ್ಸರಿ ಬ್ಯಾರೇವ್ರದು. ಹೊಟ್ಟು ಸಪ್ಲೈ ಮಾಡೋರು ಬ್ಯಾರೇ. ಮೇಸ್ತ್ರಿ ಅವ್ರ ಕಡಿಯಾತ," ಎಂದರು. ನರ್ಸರಿ ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ಉಮಾಪತಿಯವರ ಹೆಂಡತಿಯ ಹೆಸರಿನಲ್ಲಿದೆ! ಸಸಿ ಒಬ್ಬರದು, ಹೊಟ್ಟು ಇನ್ನೊಬ್ಬರದು, ಮೇಸ್ತ್ರಿ ಮತ್ತೊಬ್ಬರ ಕಡೆಯವನು, ಲಾಭ ಮಾತ್ರ ಒಂದೇ ಮನೆಗೆ. ಗುತ್ತಿಗೆಯ ಷರತ್ತಿನಲ್ಲಿ ಗಿಡದ ಎತ್ತರ ಎಷ್ಟು, ಕುಂಡದ ಬಣ್ಣ ಯಾವುದು ಎಂದು ಬರೆದಿರುವ ಸರ್ಕಾರಕ್ಕೆ, ಆ ಗಿಡ ಬೆಳೆಸಿದವರು ಎಲ್ಲಿ ಮಲಗುತ್ತಾರೆ ಎಂದು ಕೇಳಲು ಒಂದು ಸಾಲಿನ ಜಾಗ ಸಿಗಲಿಲ್ಲವೇ? ಜೀತವನ್ನು ರದ್ದು ಮಾಡಿ ಐವತ್ತು ವರ್ಷವಾಯಿತು. ನಮ್ಮ ಪಾರ್ಕಿನ ಹಸಿರು ಹುಲ್ಲಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಮನವಿ, ವಿನಂತಿ, ಕಳಕಳಿಯ ಪ್ರಾರ್ಥನೆ ಎಲ್ಲವನ್ನೂ ತಮ್ಮ ಕಚೇರಿಗೆ ಮೂರು ಸಲ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡಿದ್ದೇನೆ. ಇನ್ನು ಬೇಡುವುದಿಲ್ಲ. ತಾವು ಆ ವರದಿಯನ್ನು ಹಿಂದಕ್ಕೆ ಪಡೆಯಬೇಕು. ಒಂದೇ ದಿನ, ಒಂದೇ ಹೊತ್ತಿಗೆ, ಹೇಳದೆ ಕೇಳದೆ, ಪಾರ್ಕುಗಳಿಗೂ ನರ್ಸರಿಗೂ ಹೊಟ್ಟು ತುಂಬುವ ಜಾಗಕ್ಕೂ ಹೋಗಬೇಕು. ಪ್ರತಿ ಗಂಡ ಹೆಂಡತಿಯನ್ನೂ ಒಟ್ಟಿಗೆ ಕೂರಿಸಿ, ಮೇಸ್ತ್ರಿಯನ್ನು ಆಚೆ ಕಳಿಸಿ ಮಾತಾಡಿಸಬೇಕು. ಕಾರ್ಡುಗಳನ್ನು ಕೈಗೆ ಕೊಡಿಸಿ ಬಿಡುಗಡೆ ಪತ್ರ ಬರೆಸಬೇಕು. ಕಂಪನಿ ಯಾರಿಂದ ಏನೇ ಕೊಂಡರೂ ಅದನ್ನು ಮಾಡಿಕೊಟ್ಟವರ ಹೊಣೆ ಕಂಪನಿಯದೇ ಎಂದು ಗುತ್ತಿಗೆಯಲ್ಲಿ ಸೇರಿಸಬೇಕು.

ಆಪರೇಷನ್ನಿಗೆ ಮೂರನೇ ಸಲ ಕೊಟ್ಟ ತಾರೀಖು ಬರುವ ಸೋಮವಾರ. ಅಂದು ಬೆಳಿಗ್ಗೆ ಎಂಟಕ್ಕೆ ದುರುಗಮ್ಮ ನರ್ಸರಿಯ ಗೇಟಿಗೆ ಹೋಗುತ್ತಾಳೆ. ನಾನೂ ಇರುತ್ತೇನೆ, ನಮ್ಮ ವಾಟ್ಸಾಪ್ ಗುಂಪಿನಿಂದಲೂ ಹದಿನಾಲ್ಕು ಜನ ಬರುತ್ತೇವೆಂದಿದ್ದಾರೆ. ಮೇಸ್ತ್ರಿ ಎಷ್ಟು ಕರೆದರೂ ಈ ಸಲ ಆಕೆ ಒಳಗೆ ಕಾಲಿಡುವುದಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಮೊನ್ನೆ ನನಗೆ ಹೇಳಿದಳು: "ಗೇಟಿನ ಮುಂದ ನಿಂತು ಹೆಸರು ಹಿಡದು ಕರೀತೀನಿ ಟೀಚರಮ್ಮ. ಆತ ಬರೋತನಕ ಕರೀತೀನಿ."

ಅಷ್ಟರೊಳಗೆ ತಾವು ಅಲ್ಲಿರಬೇಕು, ಗೇಟು ತೆಗೆಸಬೇಕು.

ಇಂತಿ,
ತಮ್ಮಷ್ಟೇ ತಡವಾಗಿ ಕಣ್ಣು ಬಿಟ್ಟ, ಆದರೆ ಇನ್ನು ಮುಚ್ಚಲು ಒಪ್ಪದ
ನಾಗಲಕ್ಷ್ಮಿ
ನಿವೃತ್ತ ಶಿಕ್ಷಕಿ, ಪಾರ್ವತಿನಗರ, ಬಳ್ಳಾರಿ