ಡಬ್ಬ ಇಲ್ಲದ ಬಾಟಲಿ

ಫೆಬ್ರವರಿ 9, ಭಾನುವಾರ
ಹಾಸ್ಟೆಲು

ಪ್ರೀತಿಯ ಅಮ್ಮ,

ನಮಸ್ಕಾರ. ನಿನ್ನ ಕಾಗದ ಬಂದು ಹನ್ನೆರಡು ದಿನ ಆಯ್ತು, ಸಾರಿ. ಟೆಸ್ಟ್ ಇತ್ತು ಅಂತ ಬರೆಯಬಹುದಿತ್ತು, ಸುಳ್ಳಾಗುತ್ತದೆ. ನಾಲ್ಕು ಸಲ ಬರೆದು ಹರಿದೆ. ನನ್ನ ಕನ್ನಡ ನಿನಗೆ ಗೊತ್ತಲ್ಲ, ಅರ್ಧ ಇಂಗ್ಲಿಷು, ನಗಬೇಡ.

ಫ್ಯಾಕ್ಟರಿಯಲ್ಲಿ ನಿನ್ನನ್ನು ಬಾಟಲಿ ಪರೀಕ್ಷಿಸೋ ಇನ್‌ಸ್ಪೆಕ್ಷನ್ ಕುರ್ಚಿಯಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದ್ದಾರೆ, ಯಾರೋ ಪುಣ್ಯಾತ್ಮರು ಇನ್ಸುಲಿನ್ ಸರಿ ಇಲ್ಲ ಅಂತ ಕಂಪ್ಲೇಂಟ್ ಕೊಟ್ಟಿದ್ದಾರೆ ಅಂತ ಬರೆದಿದ್ದೀಯ. ಆ ಪುಣ್ಯಾತ್ಮರು ನಾನೇ, ಅಮ್ಮ.

ನೀನು ಕಳಿಸಿದ ಹೊಸ ಇನ್ಸುಲಿನ್, ದಿನಕ್ಕೊಂದೇ ಸಲ ಸಾಕು ಅನ್ನೋದು, ಶುರು ಮಾಡಿದ ಎರಡೇ ವಾರಕ್ಕೆ ನನ್ನ ಶುಗರ್ ಮುನ್ನೂರು ದಾಟಿತು. ಆಗಲೇ ಡೌಟು ಹುಟ್ಟಿತು. ಬಾಟಲಿಗೆ ಡಬ್ಬ ಯಾಕಿಲ್ಲ? ಸ್ಟಾಫಿಗೆ ಕೊಡೋದು ಅಂತ ನೀನು ಹೇಳಿದ್ದೆ. ಸ್ಟಾಫಿಗೆ ಎಂಥದ್ದು ಕೊಡುತ್ತಾರೆ? "ಡಬ್ಬ ಇಲ್ಲ ಅಂದ್ರೆ ರಿಜೆಕ್ಟ್ ಮಾಲು ಕಣೇ, ನಿಮ್ಮಮ್ಮ ಕಸದ ಬುಟ್ಟಿಯಿಂದ ಎತ್ಕೊಂಡಿರ್ತಾರೆ" ಅಂದಳು ರೂಮ್‌ಮೇಟ್. ನಕ್ಕೆ. ಆಮೇಲೆ ಬಾಗಿಲು ಹಾಕಿ, ನೀನು ಫ್ಯಾಕ್ಟರಿಯಲ್ಲಿ ಮಾಡೋ ಹಾಗೆ, ಬಾಟಲಿ ಹಿಂದೆ ಕಪ್ಪು ಕಾಗದ ಹಿಡಿದು ತಿರುಗಿಸಿದೆ. ನೀರಿನ ಹಾಗಿರಬೇಕಾದದ್ದು ಮಬ್ಬಾಗಿತ್ತು. ಎರಡನೆಯದನ್ನು ತೆಗೆದೆ, ವಾರದಲ್ಲಿ ಅದೂ ಮಬ್ಬು. ಗೊತ್ತಿದ್ದೇ ಕಳಿಸಿದ್ದೀಯ ಅಂತ ನಂಬಿಬಿಟ್ಟೆ. ನಮ್ಮ ಫಾರ್ಮಸಿ ಕಾಲೇಜಿನ ಪ್ರಾಕ್ಟಿಕಲ್ ಮೇಡಂಗೆ ತೋರಿಸಿದೆ. ಎಲ್ಲಿಂದ ಬಂತು ಅಂತ ಕೇಳಿದರು, ಅಂಗಡಿಯದು ಅಂದೆ. ಅವರು ಬ್ಯಾಚ್ ನಂಬರ್ ಬರೆದುಕೊಂಡು, ನನ್ನ ಪರವಾಗಿ ಫ್ಯಾಕ್ಟರಿಗೆ ಕಂಪ್ಲೇಂಟ್ ಕಳಿಸಿದರು.

ಮೊನ್ನೆ ಅದೇ ಮೇಡಂ ಈ ಔಷಧ ಹೇಗೆ ತಯಾರಾಯಿತು ಅಂತ ಪಾಠ ಮಾಡಿದರು. ಹಳೆಯದು ಹಾಲಿನ ಹಾಗೆ ಮಬ್ಬು, ಅಂಗೈಯಲ್ಲಿ ಉರುಳಿಸಿ ಸಿರಿಂಜಿಗೆ ಎಳೆಯೋದು, ಇಡೀ ದಿನ ಬರೋದಿಲ್ಲ. ಹೊಸದನ್ನು ಹುಳಿ ದ್ರವದಲ್ಲಿ ಕರಗಿಸಿಟ್ಟಿರುತ್ತಾರಂತೆ. ಚರ್ಮದ ಕೆಳಗೆ ಆ ಹುಳಿ ಇಳಿದು, ಔಷಧ ಸಣ್ಣ ಹರಳಾಗಿ ಕೂತು, ದಿನವೆಲ್ಲ ಚೂರು ಚೂರೇ ಕರಗುತ್ತದಂತೆ. "ಅದಕ್ಕೇ ಬೇರೆ ಇನ್ಸುಲಿನ್ ಜೊತೆ ಒಂದೇ ಸಿರಿಂಜಿನಲ್ಲಿ ಸೇರಿಸಬಾರದು, ಅಲ್ಲೇ ಕೆಟ್ಟು ಹೋಗುತ್ತೆ" ಅಂದರು.

ನಾನು ನೋಟ್ಸ್ ಬರೆಯೋದು ನಿಲ್ಲಿಸಿದೆ. ಎಂಟು ವರ್ಷದವಳಿದ್ದಾಗ ಹಾಸ್ಟೆಲ್ ನರ್ಸಕ್ಕ ಕಲಿಸಿದ್ದು ಹಾಗೆ ಸೇರಿಸೋದನ್ನೇ: ಊಟದ ಇನ್ಸುಲಿನ್ ಮೊದಲು, ಅದೇ ಸಿರಿಂಜಿಗೆ ಮಬ್ಬಿನದು ಆಮೇಲೆ, ಒಂದೇ ಚುಚ್ಚು. ಹಳೆಯದಕ್ಕೆ ಅದು ಸರಿ. ನಾನು ಹೊಸದಕ್ಕೂ ಹಾಗೇ ಮಾಡಿದ್ದೆ; ಸೂಜಿಯಲ್ಲಿದ್ದ ಊಟದ ಇನ್ಸುಲಿನ್ ಹೊಸ ಬಾಟಲಿಗೂ ಸೇರಿ ಅದನ್ನು ಮಬ್ಬಾಗಿಸಿತ್ತು. ಸೇರಿಸಬೇಡಿ ಅನ್ನೋ ಚೀಟಿ ಡಬ್ಬದಲ್ಲಿತ್ತಂತೆ. ಐಸ್ ಫ್ಲಾಸ್ಕಿನಲ್ಲಿ ಹಿಡಿಸಲಿ ಅಂತ ಡಬ್ಬ ತೆಗೆದೆ ಅಂತ ನೀನು ಆಗಲೇ ಬರೆದಿದ್ದೆ. ನಾನು ನಂಬಿರಲಿಲ್ಲ.

ತಪ್ಪು ನನ್ನದು, ನಾನು ನಿನ್ನ ಮಗಳು, ಎರಡನ್ನೂ ಫ್ಯಾಕ್ಟರಿಗೆ ಬರೆದಿದ್ದೇನೆ. ಮೇಡಂ ಸಹಿ ಹಾಕಿದ್ದಾರೆ. ಕಾಪಿ ಇದರ ಜೊತೆಗಿದೆ, ಸೂಪರ್‌ವೈಸರಿಗೆ ಕೊಡು. ಈಗ ಬೇರೆ ಬೇರೆ ಚುಚ್ಚುತ್ತೇನೆ, ಶುಗರ್ ಇಳಿದಿದೆ.

ಆಶೀರ್ವಾದ ಮಾಡು. ಕೋಪ ಇದ್ದರೆ ಅದು ಇಳಿದ ಮೇಲೆ ಮಾಡು.

ನಿನ್ನ
ಗುಬ್ಬಿ

ತಾ.ಕ.: ನಿನ್ನ ಮೇಲೆ ಡೌಟು ಪಡೋದು ಇಷ್ಟು ಸುಲಭ ಯಾಕಾಯ್ತು ಅಂತ ಯೋಚಿಸ್ತಾ ಇದ್ದೆ. ಹತ್ತು ವರ್ಷ ನೀನು ಹಾಸ್ಟೆಲಿಗೆ ಬಂದಾಗೆಲ್ಲ ಮೊದಲು ನನ್ನ ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದು ತಿರುಗಿಸಿ ನೋಡ್ತಿದ್ದೆ. ಸರಿ ಇದೆ ಅಂತ ಕೆಳಗಿಟ್ಟು, ವಾಪಸ್ ಬಸ್ಸು ಎಷ್ಟೊತ್ತಿಗೆ ಅಂತ ವಾರ್ಡನ್ನನ್ನು ಕೇಳ್ತಿದ್ದೆ. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ. ಈ ಸಲ ಬಂದಾಗ ಬಾಟಲಿ ತೋರಿಸೋದಿಲ್ಲ.