ಕೀಲು ಬಿಗಿಯಾದ ಮೇಲೆ

ಮುದ್ದಿನ ಮಗಳೇ,

ನೆಗಡಿಯಾದ ನಮ್ಮಿಬ್ಬರನ್ನು ಹೆರಿಗೆ ಆಸ್ಪತ್ರೆಯೊಳಗೆ ಬಿಡಲಿಲ್ಲವಲ್ಲ, ನಿನ್ನಪ್ಪ ತಮ್ಮ ಜೋಡಿ ಕೊಳವೆಯ ಮಡಚುವ ದುರ್ಬೀನು ಹಿಡಿದು ಎದುರಿನ ನಮ್ಮ ತಾರಸಿ ಹತ್ತಿದರು. ನಿನ್ನೆ ನೀನು ಕಿಟಕಿಗೆ ಬಂದಾಗ, “ಇದರ ಕೀಲು ಸಡಿಲ ಆಗಿದೆ ಕಣೇ, ಎಲ್ಲ ಎರಡೆರಡು ಕಾಣುತ್ತೆ! ಮಗಳು ಇಬ್ಬರು, ಮಗು ನಾಲ್ಕು!” ಎಂದು ಗೊಣಗಿದರು. ಕೆಳಗಿಳಿದು ಕೀಲಿನ ತಿರುಪು ಬಿಗಿದು, ಮತ್ತೆ ಸಡಿಲವಾಗದಿರಲೆಂದು ನಿನ್ನ ಉಗುರುಬಣ್ಣವನ್ನು ಅದರ ಮೇಲೆ ಸವರಿದರು.

ಇವತ್ತು ನೋಡಿದರೆ ನರ್ಸಮ್ಮ ಒಬ್ಬರೇ, ನೀನೂ ಒಬ್ಬಳೇ. “ಮಗು ಮಾತ್ರ ಇನ್ನೂ ಎರಡಿದೆಯಲ್ಲೇ!” ಅಂದರು. ನಾನು ಕಿತ್ತುಕೊಂಡು ನೋಡಿದೆ. ಒಂದು ಅಳುತ್ತಿತ್ತು, ಇನ್ನೊಂದು ಆಕಳಿಸುತ್ತಿತ್ತು.

ಕಳ್ಳಿ, ಅಳಿಯಂದಿರ ಬಾಯಿಗೂ ಬೀಗ ಹಾಕಿಸಿದ್ದೀಯಲ್ಲ! ನಿನ್ನಪ್ಪನಂತೂ ತಾರಸಿಯಿಂದ ಇಳಿಯುತ್ತಲೇ ಇಲ್ಲ. ಊಟದ ಡಬ್ಬಿ ವಾಪಸ್ಸು ಕಳಿಸುವಾಗ ಎರಡೂ ತಲೆಗಳ ಅಳತೆಗೆ ದಾರ ಕತ್ತರಿಸಿ ಇಡು. ಎರಡನೆಯ ಟೋಪಿ ಹೆಣೆಯಲು ಕೂತಿದ್ದೇನೆ.

ಒಂದೇ ಸಲಕ್ಕೆ ಎರಡು ಸಲ ಅಜ್ಜಿಯಾದ,
ನಿನ್ನ ಅಮ್ಮ